ಮೂರನೇ ಮೆಟ್ಟಿಲು

ಇವತ್ತು ಮೊಲ್ಲೆಗೆ ಹೋಗಿದ್ದೆ. ದಕ್ಷಿಣ ಸ್ವೀಡನ್ನಿನ ಪುಟ್ಟ ಕಡಲೂರು. ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಮನೆಗಳು, ಕೆಳಗೊಂದು ಸಣ್ಣ ಬಂದರು. ಅಲ್ಲಿಗೆ ಊರು ಮುಗೀತು.

ಬೆಳಿಗ್ಗೆ ಒಬ್ಬರು ಅಜ್ಜಿ ಟವೆಲ್ ಬಟ್ಟೆಯ ನಿಲುವಂಗಿ ಸುತ್ತಿಕೊಂಡು, ಹವಾಯಿ ಚಪ್ಪಲಿ ಹಾಕಿಕೊಂಡು ರಸ್ತೆಯಲ್ಲೇ ಆರಾಮಾಗಿ ನಡೆದು ಬಂದರು. ನಿಲುವಂಗಿ ಕಂಬಿಗೆ ನೇತುಹಾಕಿ, ಏಣಿ ಹಿಡಿದು ಸಮುದ್ರಕ್ಕೆ ಇಳಿದೇಬಿಟ್ಟರು. ನಮ್ಮನೆ ಬಚ್ಚಲಿಗೆ ಹೋದಷ್ಟು ಸಲೀಸಾಗಿ!

ನಂಗೂ ಹುರುಪು ಬಂತು. ಏಣಿ ಇಳಿದೆ. ಮೂರನೇ ಮೆಟ್ಟಿಲಿಗೆ ಪಾದ ಮುಳುಗಿತು, ಅಷ್ಟೇ. 'ಅಯ್ಯಯ್ಯಪ್ಪಾ' ಅಂತ ಅಚ್ಚ ಕನ್ನಡದಲ್ಲಿ ಕೂಗಿದೆ. ಅಜ್ಜಿಗೆ ಪೂರ್ತಿ ಅರ್ಥವಾದ ಹಾಗೆ ನಕ್ಕರು.

ಈಗ ಇಷ್ಟು ಸಾಧುವಾಗಿರೋ ಈ ಊರು ನೂರು ಚಿಲ್ಲರೆ ವರ್ಷದ ಹಿಂದೆ ಭಾರೀ ಹೆಸರು ಕೆಡಿಸಿಕೊಂಡಿತ್ತು. ಯಾಕೆ ಗೊತ್ತಾ? ಗಂಡಸರು ಹೆಂಗಸರು ಒಟ್ಟಿಗೇ ಸಮುದ್ರಕ್ಕೆ ಇಳಿಯುತ್ತಿದ್ದರು. ಆಗ ಅದು ದೊಡ್ಡ ಗುಲ್ಲು. ಕುತೂಹಲಕ್ಕೆ ಜರ್ಮನಿಯಿಂದೆಲ್ಲ ಜನ ಬರೋರು. 1910ರಲ್ಲಿ ಊರಿಗೆ ರೈಲೇ ಬಂತು. 1914ರಲ್ಲಿ ಯುದ್ಧ ಶುರುವಾಯ್ತು, ಜರ್ಮನ್ನರ ಸಾಲು ನಿಂತುಹೋಯ್ತು. ಈಗ ರೈಲೂ ಇಲ್ಲ. ನಾನು ಬಂದಿದ್ದು ಬಸ್ಸಲ್ಲಿ.

ಪಾಪ ಮಾಡೋಕೆ ಇಷ್ಟು ತಣ್ಣಗಿನ ನೀರಿಗೆ ಇಳೀತಿದ್ರಲ್ಲ, ಅವರ ಧೈರ್ಯಕ್ಕೆ ಮೆಚ್ಚಬೇಕು ಅಲ್ವಾ?

ಕಾಲ್ಬೆರಳು ಇನ್ನೂ ಮರಗಟ್ಟಿವೆ. ಕೈಯಲ್ಲಿ ಏಲಕ್ಕಿ ಬನ್ನು. ನಮ್ಮ ಕಡೆ ಪಾಯಸಕ್ಕೂ ಇಷ್ಟು ಏಲಕ್ಕಿ ಹಾಕಲ್ಲ, ಮಾರಾಯ್ರೆ. ಅಜ್ಜಿ ಎರಡನೇ ಸಲ ಇಳೀತಿದ್ದಾರೆ.