ಮೊದಲು ಬದಲಾಗಬೇಕಾದದ್ದು ಚಿಗರಿಯಲ್ಲ

ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕ್ ಬಸ್ಸಿನ ಮಾತು ಬಂದಾಗಲೆಲ್ಲ ಜನರ ಕಣ್ಣು ಚಿಗರಿಯ ಮೇಲೆ, ಅಂದರೆ ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್ ತ್ವರಿತ ಬಸ್ಸಿನ ಮೇಲೆ. ತಂಪು ಗಾಳಿ, ತಾನಾಗಿ ತೆರೆಯುವ ಬಾಗಿಲು, ಧಾರವಾಡದ ಕಡೆಗೆ ತನ್ನದೇ ದಾರಿ. ಹೊಸದೇನು ಬಂದರೂ ಅದಕ್ಕೇ ಸಲ್ಲಬೇಕು! ಡಿಪೋದಲ್ಲಿ ಡೀಸೆಲ್ ಎಂಜಿನ್‌ಗಳ ನಡುವೆಯೇ ತಲೆ ನರೆತ ಮೆಕ್ಯಾನಿಕ್ ನಾನು. ನನ್ನನ್ನು ಕೇಳಿದರೆ, ಮೊದಲು ಬದಲಾಯಿಸಬೇಕಾದದ್ದು ಸಿಬಿಟಿಯಿಂದ (ನಗರ ಬಸ್ ನಿಲ್ದಾಣದಿಂದ) ಹಳೇ ಹುಬ್ಬಳ್ಳಿಯ ಕಡೆಗೆ ತೆವಳುವ ಹಳೆಯ ನಗರ ಸಾರಿಗೆ ಬಸ್ಸುಗಳನ್ನು.

ಒಂದೇ ಹದದಲ್ಲಿ ಓಡುವಾಗ ಡೀಸೆಲ್ ಎಂಜಿನ್ ಬಲು ಸಾಧು. ನಿಂತು ಹೊರಡುವಾಗಲೇ ಅದರ ನಿಜ ಬಣ್ಣ ತಿಳಿಯುವುದು. ದುರ್ಗದಬೈಲಿನ ಹತ್ತಿರ ಆಟೋ ಅಡ್ಡ ಬಂತು, ಬ್ರೇಕ್. ಕೈಗಾಡಿ ದಾಟಿತು, ಮತ್ತೆ ಫಸ್ಟ್ ಗೇರ್. ತುಂಬಿದ ಬಸ್ಸನ್ನು ಎಳೆಯಲು ಚಾಲಕ ಎಕ್ಸಲರೇಟರ್ ತುಳಿಯುತ್ತಾನೆ. ಗಾಳಿ ಸಾಲದೆ ಅರೆಬರೆ ಉರಿದ ಡೀಸೆಲ್ ಕಪ್ಪು ಹೊಗೆಯಾಗಿ ಹಿಂದಿದ್ದವರ ಮುಖಕ್ಕೆ ರಾಚುತ್ತದೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸವೆದಿದ್ದರಂತೂ ಕೇಳುವುದೇ ಬೇಡ.

2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಪಾಲಿನಿಂದ) 10ಕ್ಕೆ ಇಳಿಯಿತು; ಹೊಸ ಬಸ್ಸುಗಳಿಗೆ ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ದ್ರಾವಣಕ್ಕೆ ಬೇರೆ ಟ್ಯಾಂಕ್. ಒಳ್ಳೆಯದೇ. ಆದರೆ ಫಿಲ್ಟರಿನಲ್ಲಿ ಕುಳಿತ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಬಿಸಿಯಾಗಬೇಕು. ಗದಗ ರಸ್ತೆಯಲ್ಲಿ ಓಡುವ ಬಸ್ಸಿಗೆ ಅದು ಸಲೀಸು, ಪೇಟೆಯಲ್ಲಿ ಕುಂಟುವ ಬಸ್ಸಿಗೆ ಅಲ್ಲ.

ಎಲೆಕ್ಟ್ರಿಕ್ ಬಸ್ಸಿಗೆ ಈ ಕುಂಟುವ ದಾರಿಯೇ ಅನುಕೂಲ. ನಿಂತಾಗ ಏನೂ ಉರಿಯುವುದಿಲ್ಲ. ವೇಗ ತಗ್ಗಿಸಿದಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ ಮರಳಿಸುತ್ತದೆ. ರಾತ್ರಿ ಹೇಗೂ ಡಿಪೋಗೆ ಬಂದು ನಿಲ್ಲುವ ಗಾಡಿ, ಚಾರ್ಜ್ ಮಾಡಲು ಸಮಯವುಂಟು. ವಿದ್ಯುತ್ತು ಕಲ್ಲಿದ್ದಲಿನಿಂದ ಬರುತ್ತದಲ್ಲ ಎಂದು ವಾದಿಸುವವರಿದ್ದಾರೆ. ಒಂದು ಪಾಲು ಬರುತ್ತದೆ, ನಿಜ. ಕಪ್ಪತಗುಡ್ಡದ ಗಾಳಿಯಂತ್ರಗಳಿಂದಲೂ ಬರುತ್ತದೆ. ಅದೇನೇ ಇರಲಿ, ರಾಯಚೂರಿನ ಚಿಮಣಿಯ ಹೊಗೆ ದುರ್ಗದಬೈಲಿನ ಗಿರಮಿಟ್ ತಟ್ಟೆಯ ಮೇಲೆ ಬೀಳುವುದಿಲ್ಲ. ರಾಯಚೂರಿನವರಿಗೆ ಇದು ಸಮಾಧಾನದ ಮಾತಲ್ಲ, ಬಿಡಿ.

ನನ್ನ ಚಿಂತೆ ಬೇರೆ. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ಸುಗಳು ಬಂದದ್ದು ಗುತ್ತಿಗೆಯ ಮೇಲೆ: ಬಸ್ಸು, ಚಾಲಕ, ರಿಪೇರಿ ಕಂಪನಿಯದು, ಕಂಡಕ್ಟರ್ ಮಾತ್ರ ಸಾರಿಗೆ ಸಂಸ್ಥೆಯವನು, ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ. ಇಲ್ಲಿಯೂ ಹಾಗೆಯೇ ಆದರೆ ನಮ್ಮ ಡಿಪೋದ ಹುಡುಗರು ಕಿತ್ತಳೆ ಬಣ್ಣದ ಆ ಹೈ ವೋಲ್ಟೇಜ್ ಕೇಬಲ್ ಮುಟ್ಟುವುದನ್ನು ಕಲಿಯುವುದಾದರೂ ಯಾವಾಗ? ಗುತ್ತಿಗೆಯ ಕಾಗದದಲ್ಲಿ ಅವರ ತರಬೇತಿಗೂ ಒಂದು ಷರತ್ತು ಬರೆಸಿಕೊಳ್ಳಬೇಕು. ಸಹಿ ಬಿದ್ದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.