ಕುಶನ್‌ಗೆ ದುಡ್ಡು ಕೊಡೋರು ಯಾರು?

ಬೆನ್ನುಹುರಿಗೆ ಪೆಟ್ಟಾದವರ ಪುನಶ್ಚೇತನ ಕೇಂದ್ರವೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಟ್ರಸ್ಟ್ ನಡೆಸುವ ಜಾಗ, ಲಾಭದ ಮಾತಿಲ್ಲ. ಮೊದಲು ಖಾಸಗಿ ಕಂಪನಿಯಲ್ಲಿದ್ದೆ. ಹಾಕಿದ ದುಡ್ಡಿಗೆ ಏನು ಬಂತು ಅಂತ ಅಲ್ಲೂ ಕೇಳುತ್ತಿದ್ದರು, ಇಲ್ಲೂ ಕೇಳುತ್ತಾರೆ. ಇಲ್ಲಿ ಕೇಳುವವರು ಮಾತ್ರ ಎರಡು ಕಡೆ ಇದ್ದಾರೆ. ದುಡ್ಡು ಕೊಡುವವರಿಗೆ ಒಂದು ಉತ್ತರ ಬೇಕು, ಸಂಸ್ಥೆ ನಡೆಸುವವರಿಗೆ ಇನ್ನೊಂದು. ಇವರಿಬ್ಬರ ಮಧ್ಯೆ ಕೂತು ಬಜೆಟ್ ಬರೆಯುವುದು ನನ್ನ ಕೆಲಸ.

ನಮ್ಮಲ್ಲಿಗೆ ಬರುವವರಲ್ಲಿ ಎತ್ತರದಿಂದ ಬಿದ್ದವರೇ ಜಾಸ್ತಿ. ಮಲೆನಾಡು ಅಲ್ವಾ. ಅಡಿಕೆ ಕೊನೆ ಕೊಯ್ಯಲು ಹತ್ತಿದವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಮರದಿಂದ ಜಾರಿದವರು, ಮಾಡಿನ ಹೆಂಚು ಸರಿಮಾಡಲು ಹೋಗಿ ಕೆಳಗೆ ಬಂದವರು. ಉಳಿದವರು ಬೈಕ್ ಅಪಘಾತದವರು. ಮನೆಯಲ್ಲಿ ದುಡಿಯುವವರು ಯಾರೋ ಅವರೇ ಹಾಸಿಗೆ ಹಿಡಿದಿರುತ್ತಾರೆ.

ಕೇಂದ್ರ ನಡೆಸುವವರು ಇಬ್ಬರು. ಅಧ್ಯಕ್ಷರು ಸ್ವತಃ ವೀಲ್‌ಚೇರ್‌ನಲ್ಲಿ ಇರುವವರು, ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ. ನಿರ್ದೇಶಕಿ ಫಿಸಿಯೋಥೆರಪಿಸ್ಟ್. ಕೇಂದ್ರದಲ್ಲಿ ಎಲ್ಲರೂ ಅವರನ್ನು ‘ಅಕ್ಕ’ ಅಂತಲೇ ಕರೆಯುವುದು, ಅಧ್ಯಕ್ಷರ ಹೊರತು. ಅವರಿಗೆ ಮಾತ್ರ ಮೇಡಂ.

ಒಂದು ಕಂಪನಿಯ ಸಿಎಸ್‌ಆರ್ ತಂಡ ನೋಡಲು ಬಂದಿತ್ತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ನಮ್ಮಂಥವರಿಗೆ ಅದು ದೊಡ್ಡ ಆಸರೆ. ಬಂದವರು ಒಳ್ಳೆಯವರೇ. ನಡಿಗೆ ಕಲಿಸುವ ಯಂತ್ರವೊಂದನ್ನು ಕೊಡಿಸುತ್ತೇವೆ ಅಂದರು. ಜೊತೆಗೆ ಒಂದು ಪ್ರಶ್ನೆ: “ವರ್ಷಕ್ಕೆ ಎಷ್ಟು ಜನ ನಡೆದು ಹೋಗ್ತಾರೆ ಸರ್?”

ಅಧ್ಯಕ್ಷರು ಹೇಳಿದರು: “ನಡೆದವರ ಲೆಕ್ಕ ಕೊಡ್ತೀನಿ. ಅದರ ಪಕ್ಕ ಇನ್ನೊಂದು ಕಾಲಂ ಹಾಕಿಸ್ತೀನಿ. ಮನೆಗೆ ಹೋಗಿ ಆರು ತಿಂಗಳಾದ ಮೇಲೆ ಮೈಮೇಲೆ ಹುಣ್ಣಿಲ್ಲದೆ ಇರೋರು ಎಷ್ಟು ಅಂತ. ನೀವು ಅದನ್ನ ಮೊದಲು ಓದಿ.”

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಹುರಿಗೆ ಪೂರ್ತಿ ಪೆಟ್ಟಾಗಿದ್ದರೆ ಮತ್ತೆ ನಡೆಯುವುದು ಬಹಳ ಅಪರೂಪ. ಆದರೆ ನಡೆಯಲಾಗದೆ ಯಾರೂ ಸಾಯುವುದಿಲ್ಲ. ಒತ್ತಡದ ಹುಣ್ಣು, ಮೂತ್ರದ ಸೋಂಕು, ಕಿಡ್ನಿ ಹಾಳಾಗುವುದು, ಜೀವ ತೆಗೆಯುವುದು ಇಂಥವು. ಒಂದೇ ಕಡೆ ಕೂತು ಚರ್ಮ ಒತ್ತಿಕೊಂಡಿದ್ದರೂ ಸ್ಪರ್ಶವಿಲ್ಲದ ಮೈ ಅದನ್ನು ಹೇಳುವುದಿಲ್ಲವಲ್ಲ. ಅದಕ್ಕೇ ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೂತಿದ್ದಾಗ ಆಗಾಗ ಕೈಯೂರಿ ಮೈ ಎತ್ತಬೇಕು, ಇಲ್ಲ ಪಕ್ಕಕ್ಕೆ ವಾಲಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ (ಸಣ್ಣ ಕೊಳವೆ) ಹಾಕಿ ಮೂತ್ರ ತೆಗೆಯಬೇಕು. ಒಳ್ಳೆ ಕುಶನ್, ಕ್ಯಾಥೆಟರ್, ಒಂದು ಸಣ್ಣ ಕನ್ನಡಿ (ಬೆನ್ನ ಹಿಂದೆ ಚರ್ಮ ಕೆಂಪಾಗಿದೆಯಾ ನೋಡಿಕೊಳ್ಳಲು). ಇವುಗಳ ಮೇಲೆ ದಾನಿಯ ಹೆಸರು ಕೆತ್ತಿಸಲು ಜಾಗವಿಲ್ಲ, ಫೋಟೋನೂ ಚೆನ್ನಾಗಿ ಬರಲ್ಲ. ಹಾಗಾಗಿ ಇವಕ್ಕೆ ದುಡ್ಡು ಹುಟ್ಟುವುದು ಕಷ್ಟ.

ನಮ್ಮ ಬಜೆಟ್‌ನಲ್ಲಿ ಇವೇ ಮೊದಲ ಸಾಲುಗಳು. ದುಡ್ಡು ಕಡಿಮೆ ಬಿದ್ದಾಗ ಕತ್ತರಿ ಕೆಳಗಿನಿಂದ ಶುರುವಾಗುತ್ತದೆ, ಇಲ್ಲಿಯವರೆಗೆ ಬರುವಂತಿಲ್ಲ. ಈ ನಿಯಮವನ್ನು ಬರೆಸಿದ್ದು ಅಧ್ಯಕ್ಷರು. ಇದನ್ನು ಕಾಯುವುದೇ ಇಂಥ ಸಂಸ್ಥೆಯ ಮುಖ್ಯಸ್ಥರ ಅರ್ಧ ಕೆಲಸ ಅಂತ ನನಗನಿಸುತ್ತದೆ. ಚಿಕಿತ್ಸೆ ಗೊತ್ತಿರುವವರು ಸಿಗುತ್ತಾರೆ, ದಾನಿಯ ಎದುರು ಕೂತು “ಬೇಡ, ಬದಲಿಗೆ ಇದು ಕೊಡಿ” ಅನ್ನುವವರು ಸಿಗುವುದು ಕಷ್ಟ.

ಈ ದಾರಿ ನಾವು ಕಂಡುಹಿಡಿದದ್ದೇನಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಶುರುಮಾಡಿದ್ದೂ ಮಗ್ಗುಲು ಬದಲಿಸುವುದು, ಮೂತ್ರಕೋಶ ಕಾಪಾಡುವುದು ಇವುಗಳಿಂದಲೇ. ಅಲ್ಲಿ 1948ರಲ್ಲಿ 16 ಜನ ಬಿಲ್ಲು ಹಿಡಿದ ಆಟ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ನಮ್ಮ ದೇಶದಲ್ಲಂತೂ ಈ ಕೆಲಸವನ್ನು ಕಟ್ಟಿದವರಲ್ಲಿ ಸ್ವತಃ ಪೆಟ್ಟು ತಿಂದವರೇ ಎದ್ದು ಕಾಣುತ್ತಾರೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಡಾ. ಮೇರಿ ವರ್ಗೀಸ್ 1954ರ ಅಪಘಾತದ ನಂತರ ವೀಲ್‌ಚೇರ್‌ನಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು, ಆಮೇಲೆ ಅಲ್ಲಿನ ಪುನಶ್ಚೇತನ ವಿಭಾಗ ಕಟ್ಟಿದರು. 1965ರಲ್ಲಿ ಎವರೆಸ್ಟ್ ಏರಿದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅದೇ ವರ್ಷ ಯುದ್ಧದಲ್ಲಿ ಗುಂಡೇಟು ತಿಂದರು. ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಅವರು ಕಟ್ಟಿದ್ದು. ತಮಿಳುನಾಡಿನ ಆಯಿಕುಡಿಯಲ್ಲಿ ಅಮರ್ ಸೇವಾ ಸಂಗಮ್ ಅನ್ನುವ ಅಂಗವಿಕಲರ ಸಂಸ್ಥೆ ಶುರುಮಾಡಿದ ಎಸ್. ರಾಮಕೃಷ್ಣನ್ ಅವರಿಗೆ ಪೆಟ್ಟಾದದ್ದು ನಮ್ಮ ಬೆಂಗಳೂರಿನಲ್ಲಿ, 1975ರಲ್ಲಿ, ನೌಕಾಪಡೆಯ ಆಯ್ಕೆ ಪರೀಕ್ಷೆಗೆ ಬಂದಿದ್ದಾಗ.

ಹಾಗಂತ ಪೆಟ್ಟಾದವರೆಲ್ಲ ಒಳ್ಳೆ ಮುಖ್ಯಸ್ಥರಾಗುತ್ತಾರೆ ಅಂತೇನಿಲ್ಲ. ಅನುಭವಕ್ಕೂ ಒಂದು ಮಿತಿ ಇದೆ. ಒಮ್ಮೆ ಕುತ್ತಿಗೆ ಹತ್ತಿರ ಪೆಟ್ಟಾದ ಹುಡುಗನೊಬ್ಬ ಮಂಚದಿಂದ ಕುರ್ಚಿಗೆ ದಾಟಲು ಒದ್ದಾಡುತ್ತಿದ್ದ. ಅಧ್ಯಕ್ಷರು “ನಾನು ಮೂರನೇ ತಿಂಗಳಿಗೇ ಕಲಿತೆ, ನೀನ್ಯಾಕೋ ಹೆದರ್ತೀಯ” ಅಂದರು. ನಿರ್ದೇಶಕಿ ಅಲ್ಲೇ ತಡೆದರು: “ಸರ್, ನಿಮ್ಮ ಕೈ ಗಟ್ಟಿ ಇದೆ. ಇವನ ಬೆರಳು ಹಿಡಿತ ಹಿಡಿಯಲ್ಲ. ಹೆದರಿಕೆ ಅಲ್ಲ ಇದು.” ಅವರು ತಕ್ಷಣ ಸುಮ್ಮನಾದರು. ಎಲ್ಲರೆದುರು ಹೀಗೆ ಹೇಳಿಸಿಕೊಂಡು ಮಾರನೇ ದಿನವೂ ಅದೇ ಮರ್ಯಾದೆಯಲ್ಲಿ ಮಾತಾಡುವ ಮುಖ್ಯಸ್ಥರನ್ನು ನನ್ನ ಹಳೇ ಕಂಪನಿಯಲ್ಲಿ ನೋಡಿರಲಿಲ್ಲ.

ಇದರ ಇನ್ನೊಂದು ಮುಖವೂ ಇದೆ. ವಾರ್ಷಿಕೋತ್ಸವದ ದಿನ ವೇದಿಕೆಯ ಭಾಷಣ ನಡೀತಾ ಇತ್ತು. ಮುಂದಿನ ಸಾಲಿನಲ್ಲಿದ್ದ ಒಬ್ಬರ ಮುಖ ಕೆಂಪಾಗಿ ಬೆವರಿತು. ನಾವೆಲ್ಲ ಸೆಕೆ ಅಂದುಕೊಂಡೆವು. ಅಧ್ಯಕ್ಷರು ಮೈಕ್ ಬಿಟ್ಟು ಕೂಗಿದರು, “ಟ್ಯೂಬ್ ನೋಡ್ರೋ!” ಮೂತ್ರದ ಟ್ಯೂಬ್ ಬೆಲ್ಟ್ ಕೆಳಗೆ ಮಡಚಿಕೊಂಡಿತ್ತು. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದರೂ ಸಾಕು, ಬಿಪಿ ಜೀವಕ್ಕೆ ಅಪಾಯವಾಗುವಷ್ಟು ಏರಬಹುದು. ನಿರ್ದೇಶಕಿ ಅಷ್ಟರಲ್ಲಿ ಓಡಿಹೋಗಿ ಟ್ಯೂಬ್ ಬಿಡಿಸಿ, ಬಿಪಿ ನೋಡುತ್ತಾ ಕೂತಿದ್ದರು. ಒಬ್ಬರು ಕಂಡರು, ಇನ್ನೊಬ್ಬರು ಮಾಡಿದರು.

ಲೆಕ್ಕದವನಾಗಿ ನನಗೆ ತಲೆನೋವು ತಂದ ವಿಷಯ ಸಂಬಳದ್ದು. ವಿದೇಶಿ ದೇಣಿಗೆ ಪಡೆದರೆ ಅದರಲ್ಲಿ ಆಡಳಿತ ಖರ್ಚು ಶೇ. 20 ದಾಟುವಂತಿಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಗುವ ಮುಂಚೆ ಇದು ಶೇ. 50 ಇತ್ತು. ಆಡಳಿತ ಮಂಡಳಿಯಲ್ಲಿರುವವರ ಸಂಬಳ ಆಡಳಿತ ಖರ್ಚಿನ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಅಧ್ಯಕ್ಷರು ದಿನದ ಬಹುಪಾಲು ಮಾಡುವುದು ಹೊಸದಾಗಿ ಬಂದವರ ಮಂಚದ ಪಕ್ಕ ಕೂತು ಮಾತಾಡುವುದು. ಮದುವೆ ಆಗಬಹುದಾ, ಮಲ ಹೋಗಿಬಿಟ್ಟರೆ ಏನು ಮಾಡೋದು ಅನ್ನೋ ಪ್ರಶ್ನೆಗಳನ್ನು ಡಾಕ್ಟರ ಹತ್ತಿರ ಕೇಳದವರು ಇವರ ಹತ್ತಿರ ಕೇಳುತ್ತಾರೆ. ಕಾಗದದ ಮೇಲೆ ಅದೂ ಆಡಳಿತವೇ! ಕೊನೆಗೆ ಅವರ ಸಂಬಳವನ್ನು ಊರಿನ ಸಣ್ಣ ದಾನಿಗಳ ದುಡ್ಡಿನಿಂದ ಕೊಡುವುದು ಅಂತ ತೀರ್ಮಾನವಾಯಿತು. ಅಡಿಕೆ ಮಂಡಿಯವರು, ಶಾಲೆ ಮೇಷ್ಟ್ರುಗಳು ಕೊಡುವ ದುಡ್ಡು ಅದು. ಅವರು ಕಾಲಂ ಕೇಳುವುದಿಲ್ಲ.

ಆ ಯಂತ್ರದ ಕಥೆ ಏನಾಯಿತು ಅಂದರೆ, ಕಂಪನಿಯವರು ಅಧ್ಯಕ್ಷರ ಮಾತಿಗೆ ಒಪ್ಪಿ ಯಂತ್ರದ ಬದಲು ಮನೆ ಭೇಟಿಗೆ ಗಾಡಿ ಕೊಡಿಸಿದರು. ಗಾಡಿ ಮೇಲೆ ಅವರ ಹೆಸರು ದೊಡ್ಡದಾಗಿದೆ, ಇರಲಿ ಬಿಡಿ. ಅದರಲ್ಲಿ ಹೋಗುವವರು ಬಾಗಿಲ ಅಗಲ ಅಳೆಯುತ್ತಾರೆ, ರ‍್ಯಾಂಪ್‌ಗೆ ಜಾಗ ನೋಡುತ್ತಾರೆ. ಒಂದಡಿ ಮೆಟ್ಟಿಲಿಗೆ ಹನ್ನೆರಡಡಿ ಉದ್ದದ ರ‍್ಯಾಂಪ್ ಬೇಕು. ಗುಡ್ಡದ ಮೇಲಿನ ಮನೆಗಳಲ್ಲಿ ಅಂಗಳವೇ ಅಷ್ಟಿರುವುದಿಲ್ಲ. ಎಷ್ಟೋ ಸಲ ಮುಂಬಾಗಿಲು ಬಿಟ್ಟು ಹಿಂಬದಿ ಕೊಟ್ಟಿಗೆ ಕಡೆಯಿಂದ ದಾರಿ ಮಾಡಬೇಕಾಗುತ್ತದೆ.

ಈ ವರ್ಷ ಅಧ್ಯಕ್ಷರು ಹೊಸ ಸಾಲೊಂದನ್ನು ಸೇರಿಸಲು ಹೇಳಿದ್ದಾರೆ. ಇಲ್ಲೇ ಚಿಕಿತ್ಸೆ ಪಡೆದ ಇಬ್ಬರನ್ನು ತಮ್ಮ ಜೊತೆ ಇಟ್ಟುಕೊಂಡು ಸಂಸ್ಥೆ ನಡೆಸುವುದನ್ನು ಕಲಿಸಬೇಕಂತೆ, ಪೂರ್ತಿ ಸಂಬಳ ಕೊಟ್ಟು. ಅವರಲ್ಲಿ ಒಬ್ಬಾಕೆಗೆ ಕುತ್ತಿಗೆ ಮಟ್ಟದ ಪೆಟ್ಟು, ಅದು ನಿರ್ದೇಶಕಿಯ ಷರತ್ತು. ಟ್ರಸ್ಟಿಗಳಲ್ಲಿ ಕೆಲವರಿಗೆ ಈಗಲೇ ಯಾಕೆ ಅನ್ನುವ ಅನುಮಾನ ಇದೆ. ನಾನು ‘ತರಬೇತಿ’ ಹೆಡ್ ಕೆಳಗೆ ಹಾಕಿ ಕಳಿಸಿದ್ದೇನೆ, ಮುಂದಿನ ಮೀಟಿಂಗ್‌ನಲ್ಲಿ ಚರ್ಚೆಗೆ ಬರುತ್ತದೆ.