ಒಂದು ಸದನ ಬಿಟ್ಟು ಬರೆದಿದ್ದಕ್ಕೆ ನಾನು ಕಲಿತಿದ್ದು

ಚಿಕ್ಕಮಗಳೂರಲ್ಲಿ ಒಂದು ಪತ್ರಿಕೆ ಡೆಸ್ಕಲ್ಲಿ ಕೆಲಸ ಮಾಡ್ತೀನಿ, 11 ವರ್ಷ ಆಯ್ತು. ವರದಿಗಾರರು ಕಳ್ಸಿದ್ದನ್ನ ತಿದ್ದೋದು, ಹೆಡ್ಡಿಂಗ್ ಕೊಡೋದು, ರಾತ್ರಿ ಪೇಜ್ ಬಿಡೋತನಕ ಕೂತಿರೋದು. 2023ರ ನವೆಂಬರ್ 7ಕ್ಕೆ ಮಾಜಿ ಸಂಸದ ಡಿ.ಬಿ. ಚಂದ್ರೇಗೌಡ್ರು ತೀರ್ಕೊಂಡ್ರು, 87 ವರ್ಷ ಆಗಿತ್ತು, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು. ಮಾರನೇ ದಿನದ ಪೇಪರ್‌ಗೆ ಅವರ ರಾಜಕೀಯ ಜೀವನದ ಬಗ್ಗೆ ಅರ್ಧ ಪುಟ ಬರೆಯೋ ಕೆಲಸ ನಂಗೆ ಬಂತು.

ಕಷ್ಟ ಅಂತ ಅನ್ನಿಸ್ಲೇ ಇಲ್ಲ, ಯಾಕಂದ್ರೆ ನಮ್ಮ ಕಡೆ ಚಂದ್ರೇಗೌಡ್ರು ಅಂದ ತಕ್ಷಣ ಯಾರ ಬಾಯಲ್ಲಾದ್ರೂ ಬರೋದು ಒಂದೇ ಮಾತು, ಇಂದಿರಾ ಗಾಂಧಿಗೆ ಸೀಟ್ ಬಿಟ್ಕೊಟ್ಟೋರು ಅಂತ. ಆ ಕಥೆ ದೊಡ್ಡದೇ, ಸುಳ್ಳಲ್ಲ. ಎಮರ್ಜೆನ್ಸಿ ಸಡಿಲ ಮಾಡಿ 1977ರಲ್ಲಿ ಎಲೆಕ್ಷನ್ ಮಾಡಿದಾಗ ಉತ್ತರದಲ್ಲಿ ಕಾಂಗ್ರೆಸ್ ಕೊಚ್ಕೊಂಡು ಹೋಯ್ತು, ಇಂದಿರಾ ಗಾಂಧಿನೇ ರಾಯ್‌ಬರೇಲಿಲಿ ಸೋತ್ರು, ಆದ್ರೆ ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಕಾಂಗ್ರೆಸ್‌ಗೇ ಬಂತು, ಕೈ ಬಿಟ್ಟ ಎರಡರಲ್ಲಿ ನಮ್ಮ ಪಕ್ಕದ ಹಾಸನ ಒಂದು. ಚಿಕ್ಕಮಗಳೂರಲ್ಲಿ ಚಂದ್ರೇಗೌಡ್ರು 1971ರ ಮೇಲೆ ಎರಡನೇ ಸಲ ಗೆದ್ರು. ಮಾರನೇ ವರ್ಷ ಗೆದ್ದ ಸೀಟಿಗೆ ರಾಜೀನಾಮೆ ಕೊಟ್ರು, 1978ರ ನವೆಂಬರ್‌ನಲ್ಲಿ ಉಪಚುನಾವಣೆ, ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲ್ರು, ಒಂದು ಕಾಲದಲ್ಲಿ ಇದೇ ರಾಜ್ಯದ ಮುಖ್ಯಮಂತ್ರಿ ಆಗಿದ್ದೋರು. ಇಂದಿರಾ 70 ಸಾವಿರಕ್ಕೂ ಜಾಸ್ತಿ ಓಟಲ್ಲಿ ಗೆದ್ರು. ಡಿಸೆಂಬರ್‌ನಲ್ಲೇ ಲೋಕಸಭೆ ಅವ್ರನ್ನ ಉಚ್ಚಾಟನೆ ಮಾಡಿ ತಿಹಾರ್ ಜೈಲಿಗೆ ಕಳಿಸ್ತು. ಅಂದ್ರೆ ನಮ್ಮ ಜಿಲ್ಲೆ ಜನ 20 ತಿಂಗಳಲ್ಲಿ ಎರಡು ಸಲ ಕ್ಯೂ ನಿಂತು ಸಂಸದರನ್ನ ಆರಿಸಿ ಕಳ್ಸಿ, ಎರಡು ಸಲನೂ ಪೂರ್ತಿ ಅವಧಿ ಸಿಗ್ಲಿಲ್ಲ. ಇದನ್ನ ಯಾರೂ ಜಾಸ್ತಿ ಹೇಳಲ್ಲ, ನಂಗೆ ಇವತ್ತಿಗೂ ಬೇಜಾರಾಗತ್ತೆ.

ಸರಿ, ಅರ್ಧ ಪುಟದಲ್ಲಿ ಮುಕ್ಕಾಲು ಭಾಗ ಇದನ್ನೇ ಬರೆದೆ. ಉಳಿದಿದ್ದನ್ನ ಕೆಳಗೆ ಒಂದು ಸಣ್ಣ ಬಾಕ್ಸ್ ಮಾಡಿ ತುಂಬಿಸ್ದೆ. ಬಾಕ್ಸಲ್ಲಿ ಲೋಕಸಭೆ, ರಾಜ್ಯಸಭೆ, ವಿಧಾನಸಭೆ ಮೂರೂ ಸದನದ ಸದಸ್ಯರಾಗಿದ್ದ ಅಪರೂಪದ ರಾಜಕಾರಣಿ ಅಂತ ಹಾಕ್ದೆ. ನೆನಪಿಂದ ಬರೆದಿದ್ದು, ಚೆಕ್ ಮಾಡ್ಲಿಲ್ಲ. ಟೈಮ್ ಇರ್ಲಿಲ್ಲ ಅಂತ ಹೇಳಕ್ಕೂ ಆಗಲ್ಲ, ಇಡೀ ದಿನ ಇತ್ತು.

ಬೆಳಗ್ಗೆ ಏಳೂ ಆಗಿರ್ಲಿಲ್ಲ, ಮೂಡಿಗೆರೆಯಿಂದ ಫೋನ್. ಹಿಂದೆ ನಮಗೇ ಸುದ್ದಿ ಕಳಿಸ್ತಿದ್ದ ಹಿರಿಯರು, ನಾವೆಲ್ಲ ಸರ್ ಅಂತೀವಿ. "ಅಲ್ಲ ಮಾರಾಯ್ತಿ, ಪರಿಷತ್ತು ಎಲ್ಲಿ ಹೋಯ್ತು? ಅವ್ರು ನಾಲ್ಕೂ ಸದನ ಕಂಡೋರು. ಸೀಟ್ ಬಿಟ್ಟ ಮೇಲೆ ಹೋಗಿದ್ದೇ ಪರಿಷತ್ತಿಗೆ, ನೀನು ಅದನ್ನೇ ಬಿಟ್ರೆ ಓದೋರಿಗೆ ಅವ್ರು ಸೀಟ್ ಕೊಟ್ಟು ಮನೆಗೆ ಹೋದ್ರು ಅಂತ ಆಗತ್ತೆ" ಅಂದ್ರು. ಬೈಲಿಲ್ಲ. ಅದೇ ಜಾಸ್ತಿ ಚುಚ್ತು. ಸಾವಿನ ಮನೆಯಲ್ಲಿ ಕೂತು ಆ ಪೇಪರ್ ಓದೋರು ಇರ್ತಾರಲ್ಲ, ಅವ್ರ ಮುಂದೆ ನಾನು ಒಂದು ಸದನವನ್ನೇ ಅಳಿಸಿ ಹಾಕಿದ್ದೆ.

ಮಾರನೇ ದಿನ ತಿದ್ದುಪಡಿ ಹಾಕಿದ್ವಿ, ಎರಡು ಸಾಲು. ಆದ್ರೆ ನಂಗೆ ಸಮಾಧಾನ ಆಗ್ಲಿಲ್ಲ, ಒಂದು ಹಾಳೆ ತಗೊಂಡು ಕಾಲಂ ಎಳ್ದು ಕೂತೆ. ಯಾವ ವರ್ಷ, ಯಾವ ಸದನ, ಯಾವ ಕ್ಷೇತ್ರ, ಯಾವ ಪಕ್ಷ ಇಷ್ಟು ಎಲ್ಲರೂ ಬರೀತಾರೆ, ನಾನು ಕೊನೇಲಿ ಇನ್ನೊಂದು ಸೇರಿಸ್ದೆ, ಅಲ್ಲಿಂದ ಹೆಂಗೆ ಹೊರಗೆ ಬಂದ್ರು ಅಂತ. ಅವಧಿ ಮುಗೀತಾ, ಸೋತ್ರಾ, ರಾಜೀನಾಮೆನಾ. ಈ ಕೊನೇ ಕಾಲಂ ತುಂಬಿಸೋಕೆ ಹೋದ್ರೆ ಮಧ್ಯದಲ್ಲಿ ಏನ್ ಬಿಟ್ಟಿದೀವಿ ಅನ್ನೋದು ತಾನಾಗೇ ಕಣ್ಣಿಗೆ ಬೀಳತ್ತೆ, ಯಾಕಂದ್ರೆ ಒಂದು ಸದನದಿಂದ ಹೊರಗೆ ಬಂದೋರು ಮುಂದಿನ ಸಾಲಿನಲ್ಲಿ ಎಲ್ಲೋ ಇರ್ಲೇಬೇಕಲ್ಲ.

ಹಾಳೆ ತುಂಬಿದಾಗ ಬೇರೇನೇ ಮನುಷ್ಯ ಕಂಡ್ರು. 1978ರಲ್ಲಿ ರಾಜೀನಾಮೆ, ಆಮೇಲೆ ವಿಧಾನ ಪರಿಷತ್ತು, ದೇವರಾಜ ಅರಸು ಸಂಪುಟದಲ್ಲಿ ಮಂತ್ರಿ. 1983ರಲ್ಲಿ ಜನತಾ ಪಕ್ಷದಿಂದ ತೀರ್ಥಹಳ್ಳಿ ಶಾಸಕರು, ಆ ಸಲವೇ ವಿಧಾನಸಭೆ ಸ್ಪೀಕರ್. 1986ರಲ್ಲಿ ರಾಜ್ಯಸಭೆ. 1989ರಲ್ಲಿ ಮತ್ತೆ ತೀರ್ಥಹಳ್ಳಿ, ಆಗ ಜನತಾದಳ. 1999ರಲ್ಲಿ ಮತ್ತೆ ಕಾಂಗ್ರೆಸ್, ಶೃಂಗೇರಿ ಶಾಸಕರು, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಕಾನೂನು ಮಂತ್ರಿ. 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರ, ಸಿ.ಕೆ. ಜಾಫರ್ ಷರೀಫ್ ಅಂಥೋರನ್ನ ಸೋಲಿಸಿ ಲೋಕಸಭೆಗೆ. ಮೊದಲನೇ ಲೋಕಸಭೆ ಗೆಲುವಿಗೂ ಕೊನೇ ಗೆಲುವಿಗೂ ಮಧ್ಯೆ 38 ವರ್ಷ. ಪಕ್ಷ ಬದಲಾಯಿಸಿದ್ರು ಅನ್ನೋದು ನಿಜ, ಅದನ್ನ ಮುಚ್ಚಿಡಬೇಕಾಗಿಲ್ಲ, ಕಾಲಂ ಅಲ್ಲೇ ಕಾಣತ್ತೆ. ಆದ್ರೆ ಜನರ ಓಟಿಗೆ ಹೋಗಿ ಮತ್ತೆ ಮತ್ತೆ ನಿಂತ್ರು ಅನ್ನೋದೂ ಅದರ ಪಕ್ಕದಲ್ಲೇ ಕಾಣತ್ತೆ. ನಾನು ಬರೆದಿದ್ದ ಅರ್ಧ ಪುಟ ಈ ಹಾಳೆಯ ಒಂದೇ ಒಂದು ಸಾಲು.

ಈಗ ಯಾವ ರಾಜಕಾರಣಿ ಬಗ್ಗೆ ಬರೆಯೋದಿದ್ರೂ ಮೊದಲು ಆ ಹಾಳೆ, ಆಮೇಲೆ ಕಂಪ್ಯೂಟರ್. ಬದುಕಿರೋರ ಬಗ್ಗೆನೂ ಹಂಗೇ, 2024ರ ಲೋಕಸಭೆ ಎಲೆಕ್ಷನ್ ಟೈಮಲ್ಲಿ ತುಂಬಾ ಉಪಯೋಗಕ್ಕೆ ಬಂತು. ಆ ಹೊತ್ತಲ್ಲಿ ಟ್ರೈನಿಯಾಗಿ ಬಂದಿದ್ದ ಹುಡುಗಿ ಚಂದ್ರೇಗೌಡ್ರ ಹಾಳೆ ನೋಡಿ ಕೇಳಿದ್ಲು, "ಅಕ್ಕಾ, 2009ರಲ್ಲಿ ಲೋಕಸಭೆಗೆ ನಿಲ್ಲೋದಾದ್ರೆ ಅವ್ರು ತಮ್ಮ ಹಳೇ ಚಿಕ್ಕಮಗಳೂರು ಸೀಟಲ್ಲೇ ಯಾಕೆ ನಿಲ್ಲಲಿಲ್ಲ?" ಅಂತ. ಆ ಸೀಟೇ ಇರ್ಲಿಲ್ಲ ಕಣೇ ಅಂದೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಚಿಕ್ಕಮಗಳೂರು ಅನ್ನೋ ಲೋಕಸಭಾ ಕ್ಷೇತ್ರವೇ ಹೋಗಿ ಉಡುಪಿ ಜೊತೆ ಸೇರ್ತು. ಅವ್ಳು ಸುಮ್ನಾಗ್ಲಿಲ್ಲ, ಹಾಳೆಯಲ್ಲಿ ಕ್ಷೇತ್ರದ ಕಾಲಂ ಪಕ್ಕ ಪೆನ್ಸಿಲ್‌ನಲ್ಲಿ ಇನ್ನೊಂದು ಗೆರೆ ಎಳೆದ್ಲು, ಕ್ಷೇತ್ರ ಈಗಲೂ ಇದೆಯಾ ಅಂತ.